ಕುಣಿತ ನಿಲ್ಲಿಸಿದ ಹುಡುಗಿ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಹಳೆಯ ಹಾಲಿವುಡ್ ಸಿನಿಮಾ ಬಗ್ಗೆ ಮಾತಾಡೋಣ. ಹೆಸರು ‘ಡಾನ್ಸ್, ಗರ್ಲ್, ಡಾನ್ಸ್’. 1940ರಲ್ಲಿ ಆರ್‌ಕೆಓ ಸ್ಟುಡಿಯೋದವರು ತೆಗೆದದ್ದು. ಒಂದೇ ತಂಡದ ಇಬ್ಬರು ಹುಡುಗಿಯರ ಜಟಾಪಟಿ. ಜೂಡಿಗೆ ಬ್ಯಾಲೆ ಹುಚ್ಚು. ಬಬಲ್ಸ್‌ಗೆ ದುಡ್ಡು ಬೇಕು, ದುಡ್ಡಿರುವ ಗಂಡಸೂ ಬೇಕು. ಜೂಡಿಯಾಗಿ ಮೊರೀನ್ ಓಹಾರಾ, ಬಬಲ್ಸ್ ಆಗಿ ಲೂಸಿಲ್ ಬಾಲ್.

ಹುಲಾ, ಅಂದರೆ ಹವಾಯಿ ದ್ವೀಪದ ಕುಣಿತ, ಕುಣಿಯುವವರು ಬೇಕು ಅಂತ ಒಬ್ಬ ಬರುತ್ತಾನೆ. ಜೂಡಿ ಅಚ್ಚುಕಟ್ಟಾಗಿ ಕುಣಿದು ತೋರಿಸುತ್ತಾಳೆ. ಅವನಿಗೆ ಹಿಡಿಸುವುದಿಲ್ಲ. ಅಷ್ಟರಲ್ಲಿ ಬಬಲ್ಸ್ ಬಂದು ಅದೇ ಹುಲಾಕ್ಕೆ ಸೊಂಟ ತಿರುಗಿಸುತ್ತಾಳೆ. ಕೆಲಸ ಅವಳ ಪಾಲು!

ಮುಂದೆ ಬಬಲ್ಸ್ ಬರ್ಲೆಸ್ಕ್, ಅಂದರೆ ಮೈ ತೋರಿಸಿ ಕುಣಿದು ನಗಿಸುವ ಅಗ್ಗದ ಆಟ, ಅದರ ರಾಣಿಯಾಗುತ್ತಾಳೆ. ಜೂಡಿಗೂ ಅಲ್ಲೇ ಕೆಲಸ ಕೊಡಿಸುತ್ತಾಳೆ. ಎಂಥ ಕೆಲಸ ಗೊತ್ತಾ? ಜೂಡಿ ಬ್ಯಾಲೆ ಮಾಡಬೇಕು, ಜನ ಬೇಸತ್ತು ಬೊಬ್ಬೆ ಹೊಡೆಯಬೇಕು, ಆಗ ಬಬಲ್ಸ್ ಬರಬೇಕು. ಪಾಯಸಕ್ಕೆ ಮುಂಚೆ ಹಾಗಲಕಾಯಿ ಬಡಿಸಿದ ಹಾಗೆ. ಹೊಟ್ಟೆಪಾಡು, ಒಪ್ಪಿಕೊಳ್ಳುತ್ತಾಳೆ.

ಒಂದು ರಾತ್ರಿ ಅವಳ ಉಡುಪಿನ ಭುಜದ ಪಟ್ಟಿ ಕಿತ್ತುಹೋಗುತ್ತದೆ. ಸಭೆಯಲ್ಲಿ ಕೇಕೆ. ಜೂಡಿ ಕುಣಿತ ನಿಲ್ಲಿಸುತ್ತಾಳೆ. ಕೈಕಟ್ಟಿಕೊಂಡು ರಂಗದ ಅಂಚಿಗೆ ಬಂದು ನಿಲ್ಲುತ್ತಾಳೆ. ನಗಿ, ಐವತ್ತು ಸೆಂಟ್ ಕೊಟ್ಟಿದ್ದೀರಲ್ಲ, ಮನೆಯಲ್ಲಿ ಹೆಂಡತಿ ನೋಡೋಕೆ ಬಿಡದ ಥರ ಇಲ್ಲಿ ಕೂತು ದಿಟ್ಟಿಸಿ ಅಂತ ಜಾಡಿಸುತ್ತಾಳೆ. ನಾವೂ ಅಲ್ಲಿಯವರೆಗೆ ನಕ್ಕವರೇ ಅಲ್ವಾ? ಆ ಬೈಗುಳ ನಮಗೂ ತಾಕುತ್ತದೆ. ಮರುಕ್ಷಣವೇ ಇಬ್ಬರೂ ರಂಗದ ಮೇಲೆ ಜುಟ್ಟು ಹಿಡಿದು ಹೊಡೆದಾಡುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ನನಗೆ ಆ ಜಗಳಕ್ಕಿಂತ ಈ ಕೈಕಟ್ಟಿ ನಿಂತದ್ದೇ ಜಾಸ್ತಿ ನೆನಪು.

ನಿರ್ದೇಶಕಿ ಡೊರೊತಿ ಆರ್ಜ್ನರ್. ಆಗ ದೊಡ್ಡ ಸ್ಟುಡಿಯೋಗಳಲ್ಲಿ ಸಿನಿಮಾ ಮಾಡುತ್ತಿದ್ದ ಹೆಂಗಸು ಆಕೆಯೊಬ್ಬಳೇ. ಈ ಚಿತ್ರವೂ ಮೊದಲು ಬೇರೆಯವರ ಕೈಯಲ್ಲಿತ್ತು, ನಡುವೆ ಇವಳಿಗೆ ಬಂತು. ನಾನೀಗ ಮೈಕಿನ ಮುಂದೆ ಅಲುಗದೆ ಕೂತಿದ್ದೇನಲ್ಲ, ಅದಕ್ಕೇ ಇನ್ನೊಂದು ನೆನಪಾಯಿತು. 1929ರಲ್ಲಿ ಕ್ಲಾರಾ ಬೋ ಎಂಬ ನಟಿ ಮೈಕಿಗೆ ಹೆದರಿ ನಿಂತಲ್ಲೇ ನಿಲ್ಲುತ್ತಿದ್ದಳಂತೆ. ಅವಳು ಆರಾಮಾಗಿ ಓಡಾಡಲಿ ಅಂತ ಆರ್ಜ್ನರ್ ಮೈಕನ್ನು ಮೀನು ಹಿಡಿಯುವ ಗಳುವಿಗೆ ಕಟ್ಟಿ, ಅವಳ ತಲೆಯ ಮೇಲೆ ಆಡಿಸಿದಳು ಎನ್ನುತ್ತಾರೆ.

‘ಡಾನ್ಸ್, ಗರ್ಲ್, ಡಾನ್ಸ್’ ಆಗ ದುಡ್ಡು ಮಾಡಲಿಲ್ಲ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ, ಅಂದರೆ ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೆ, ಸೇರಿತು. ಲೂಸಿಲ್ ಬಾಲ್ ಅಷ್ಟು ದಿನ ಕಾಯಲಿಲ್ಲ ಬಿಡಿ. ಟಿವಿಯಲ್ಲಿ ಹೆಸರು ಮಾಡಿದ ಮೇಲೆ 1957ರಲ್ಲಿ ಗಂಡನ ಜೊತೆ ಸೇರಿ ಆರ್‌ಕೆಓ ಸ್ಟುಡಿಯೋವನ್ನೇ ಕೊಂಡುಕೊಂಡಳು.

ನಮಸ್ಕಾರ.