ಆಸ್ಟ್ರೇಲಿಯಾದಲ್ಲಿ ಈಗ ಗಂಟೆ ಎಷ್ಟು? ಬೇಸಿಗೆಯಲ್ಲಿ ಉತ್ತರ ಐದು

[ತೆರೆಯಲ್ಲಿ: ಆಸ್ಟ್ರೇಲಿಯಾದ ಮ್ಯಾಪ್. ಐದು ನಗರಗಳ ಮೇಲೆ ಐದು ಗಡಿಯಾರ.]

ಡಿಸೆಂಬರ್ 26. ಮೆಲ್ಬರ್ನ್ ಮೈದಾನದಲ್ಲಿ ಬಾಕ್ಸಿಂಗ್ ಡೇ ಟೆಸ್ಟ್. ಅಲ್ಲಿ ಬೆಳಿಗ್ಗೆ 10:30ಕ್ಕೆ ಆಟ ಶುರು. ಭಾರತದಲ್ಲಿ ಆಗ ಬೆಳಗಿನ ಜಾವ 5 ಗಂಟೆ. ಕ್ರಿಕೆಟ್ ನೋಡುವವರಿಗೆಲ್ಲ ಈ ಲೆಕ್ಕ ಗೊತ್ತಿದೆ. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಬೇರೆ ಊರುಗಳ ಗಡಿಯಾರ ನೋಡಿ. ಅಡಿಲೇಡ್‌ನಲ್ಲಿ 10 ಗಂಟೆ. ಬ್ರಿಸ್ಬೇನ್‌ನಲ್ಲಿ 9:30. ಡಾರ್ವಿನ್‌ನಲ್ಲಿ 9. ಪರ್ತ್‌ನಲ್ಲಿ 7:30.

ಒಂದೇ ದೇಶ, ಐದು ಟೈಮ್. ಅದರಲ್ಲೂ ಬ್ರಿಸ್ಬೇನ್ ಮತ್ತು ಅಡಿಲೇಡ್ ಎರಡನ್ನು ಸ್ವಲ್ಪ ಗಮನಿಸಿ. ಬ್ರಿಸ್ಬೇನ್ ಇರುವುದು ಪೂರ್ವದ ತುದಿಯಲ್ಲಿ. ಅಡಿಲೇಡ್ ಅದಕ್ಕಿಂತ ಬಹಳ ಪಶ್ಚಿಮಕ್ಕೆ. ಬ್ರಿಸ್ಬೇನ್‌ನಲ್ಲಿ ಸೂರ್ಯ ನೆತ್ತಿಗೆ ಬಂದು ಹೆಚ್ಚುಕಡಿಮೆ ಒಂದು ಗಂಟೆ ಆದ ಮೇಲೆ ಅಡಿಲೇಡ್‌ನಲ್ಲಿ ಬರುತ್ತಾನೆ. ಆದರೆ ಗಡಿಯಾರದಲ್ಲಿ ಅಡಿಲೇಡ್ ಅರ್ಧ ಗಂಟೆ ಮುಂದಿದೆ!

ಇದು ಹೇಗಾಯಿತು? ಗಡಿಯಾರವನ್ನು ಸೂರ್ಯ ನಡೆಸುತ್ತಾನೆ ಅಂತ ನಾವು ಅಂದುಕೊಂಡಿರುತ್ತೇವೆ. ಅರ್ಧ ಮಾತ್ರ ನಿಜ. ಯಾವ ಊರಿನ ಜೊತೆ ವ್ಯಾಪಾರ ಇದೆ, ರೈಲು ಎಲ್ಲಿಂದ ಬರುತ್ತದೆ, ಜನ ಯಾವುದಕ್ಕೆ ವೋಟು ಹಾಕಿದರು, ಇವೂ ಸೇರಿಯೇ ಗಡಿಯಾರ ತೀರ್ಮಾನ ಆಗುವುದು. ಆಸ್ಟ್ರೇಲಿಯಾದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ದೇಶ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

[ತೆರೆಯಲ್ಲಿ: ಮ್ಯಾಪ್ ಮೇಲೆ ರೇಖಾಂಶಗಳು, 113 ಡಿಗ್ರಿಯಿಂದ 153 ಡಿಗ್ರಿ.]

ಮೊದಲು ಸರಳ ಲೆಕ್ಕ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆಸ್ಟ್ರೇಲಿಯಾದ ನೆಲ ಪಶ್ಚಿಮದಲ್ಲಿ ಸುಮಾರು 113 ಡಿಗ್ರಿ ರೇಖಾಂಶದಿಂದ ಪೂರ್ವದಲ್ಲಿ ಸುಮಾರು 153 ಡಿಗ್ರಿವರೆಗೆ ಹರಡಿದೆ. 40 ಡಿಗ್ರಿ ಅಂದರೆ 2 ಗಂಟೆ 40 ನಿಮಿಷ. ಇಷ್ಟು ಅಗಲದ ದೇಶಕ್ಕೆ ಮೂರು ಟೈಮ್ ಝೋನ್ ಸಾಕು. ಚಳಿಗಾಲದಲ್ಲಿ ಅಲ್ಲಿ ಇರುವುದೂ ಮೂರೇ. ಪಶ್ಚಿಮದಲ್ಲಿ ಗ್ರೀನಿಚ್‌ಗಿಂತ 8 ಗಂಟೆ ಮುಂದೆ, ನಡುವೆ 9:30, ಪೂರ್ವದಲ್ಲಿ 10.

ಹಾಗಾದರೆ ನಡುವಿನ ಆ ಅರ್ಧ ಗಂಟೆ ಎಲ್ಲಿಂದ ಬಂತು?

19ನೇ ಶತಮಾನದಲ್ಲಿ ಆಸ್ಟ್ರೇಲಿಯಾ ಅಂತ ಒಂದು ದೇಶ ಇರಲಿಲ್ಲ. ಬೇರೆ ಬೇರೆ ಬ್ರಿಟಿಷ್ ವಸಾಹತುಗಳಿದ್ದವು. ಪ್ರತಿ ಊರೂ ತನ್ನ ಸೂರ್ಯನನ್ನು ನೋಡಿ ಗಡಿಯಾರ ಇಟ್ಟುಕೊಳ್ಳುತ್ತಿತ್ತು. ಟೆಲಿಗ್ರಾಫ್ ಬಂತು, ರೈಲು ಬಂತು, ಆಗ ಇದು ತಲೆನೋವಾಯಿತು. 1895ರಲ್ಲಿ ವಸಾಹತುಗಳೆಲ್ಲ ಸೇರಿ 8, 9, 10 ಅಂತ ಮೂರು ಪೂರ್ತಿ ಗಂಟೆಗಳ ವ್ಯವಸ್ಥೆ ಮಾಡಿಕೊಂಡವು. ನೀಟಾಗಿತ್ತು.

ಅಡಿಲೇಡ್‌ನ ವ್ಯಾಪಾರಿಗಳಿಗೆ ಮಾತ್ರ ಇದು ಹಿಡಿಸಲಿಲ್ಲ. ಅವರ ವ್ಯವಹಾರ ಇದ್ದದ್ದು ಮೆಲ್ಬರ್ನ್ ಜೊತೆ. ಒಂದು ಗಂಟೆ ಹಿಂದೆ ಇದ್ದರೆ ಅಲ್ಲಿನ ಸುದ್ದಿ, ದರ ಎಲ್ಲವೂ ತಮಗಿಂತ ಮೊದಲೇ ಓಡುತ್ತವೆ ಅನ್ನುವುದು ಅವರ ಚಿಂತೆ. ಸಂಜೆ ಪ್ರಾಕ್ಟೀಸಿಗೆ ಬೆಳಕು ಬೇಕು ಅಂತ ಕ್ರಿಕೆಟ್, ಫುಟ್‌ಬಾಲ್ ಆಟಗಾರರೂ ದನಿ ಸೇರಿಸಿದರು. 1899ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ಇಟ್ಟಿತು. ಆಗ ಉತ್ತರದ ಡಾರ್ವಿನ್ ಪ್ರದೇಶವೂ ದಕ್ಷಿಣ ಆಸ್ಟ್ರೇಲಿಯಾದ ಆಡಳಿತದಲ್ಲೇ ಇತ್ತು. ಹಾಗಾಗಿ ಅಲ್ಲೂ ಅದೇ ಟೈಮ್ ಬಂತು, ಇವತ್ತಿಗೂ ಉಳಿದಿದೆ.

9:30ರ ಟೈಮ್‌ಗೆ ಸರಿಹೊಂದುವ ರೇಖೆ 142 ಡಿಗ್ರಿ 30 ನಿಮಿಷದ್ದು. ಮ್ಯಾಪಿನಲ್ಲಿ ಹುಡುಕಿ. ಅದು ದಕ್ಷಿಣ ಆಸ್ಟ್ರೇಲಿಯಾದ ಒಳಗೆ ಎಲ್ಲೂ ಹಾದುಹೋಗುವುದೇ ಇಲ್ಲ! ರಾಜ್ಯದ ಗಡಿ 141 ಡಿಗ್ರಿಗೆ ಮುಗಿಯುತ್ತದೆ. ರೇಖೆ ಇರುವುದು ಪಕ್ಕದ ವಿಕ್ಟೋರಿಯಾದಲ್ಲಿ. ಅಂದರೆ ಒಂದು ಇಡೀ ರಾಜ್ಯ ಪಕ್ಕದ ರಾಜ್ಯದ ಸೂರ್ಯನನ್ನು ನೋಡಿಕೊಂಡು ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಬದುಕುತ್ತಿದೆ.

[ತೆರೆಯಲ್ಲಿ: ಮೂರು ಝೋನ್‌ಗಳು ಐದಾಗಿ ಒಡೆಯುವ ಅನಿಮೇಶನ್.]

ಈಗ ಬೇಸಿಗೆಗೆ ಬರೋಣ. ದಕ್ಷಿಣಾರ್ಧಗೋಳ ಆದ್ದರಿಂದ ಅಲ್ಲಿ ಡಿಸೆಂಬರ್, ಜನವರಿ ಬಂದರೆ ಬೇಸಿಗೆ.

ಡೇಲೈಟ್ ಸೇವಿಂಗ್ ಅಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು. ಬೆಳಗಿನ ಜಾವ ಎಲ್ಲರೂ ಮಲಗಿರುವಾಗ ಸುಮ್ನೆ ಹೋಗುವ ಬೆಳಕನ್ನು ಸಂಜೆಗೆ ತಂದುಕೊಳ್ಳುವ ಉಪಾಯ. ಅಕ್ಟೋಬರ್‌ನ ಮೊದಲ ಭಾನುವಾರ, ನಸುಕಿನ 2 ಗಂಟೆ ಆದ ಕೂಡಲೇ ಗಡಿಯಾರ ನೇರವಾಗಿ 3ಕ್ಕೆ ಹೋಗುತ್ತದೆ. ಏಪ್ರಿಲ್‌ನ ಮೊದಲ ಭಾನುವಾರ 3 ಆದಾಗ ಮತ್ತೆ 2ಕ್ಕೆ ವಾಪಸ್. ಆ ರಾತ್ರಿ 2ರಿಂದ 3ರ ನಡುವಿನ ಗಂಟೆ ಎರಡು ಸಲ ಬರುತ್ತದೆ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿರುವ ನರ್ಸ್‌ಗೆ 8 ಗಂಟೆಯ ಪಾಳಿ 9 ಗಂಟೆ ಆಗುತ್ತದೆ. 2:30ಕ್ಕೆ ಇಂಜೆಕ್ಷನ್ ಕೊಟ್ಟೆ ಅಂತ ಬರೆದರೆ ಯಾವ 2:30 ಅನ್ನುವುದನ್ನೂ ಬರೆಯಬೇಕು.

ಇದನ್ನು ಇಡೀ ದೇಶ ಪಾಲಿಸಿದ್ದರೆ ಝೋನ್‌ಗಳು ಮೂರೇ ಇರುತ್ತಿದ್ದವು. ಆದರೆ ಆಸ್ಟ್ರೇಲಿಯಾದಲ್ಲಿ ಟೈಮ್ ತೀರ್ಮಾನಿಸುವುದು ರಾಜ್ಯಗಳು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟಾಸ್ಮೇನಿಯಾ, ದಕ್ಷಿಣ ಆಸ್ಟ್ರೇಲಿಯಾ ಮತ್ತು ರಾಜಧಾನಿ ಕ್ಯಾನ್‌ಬೆರಾ ಗಡಿಯಾರ ಬದಲಿಸುತ್ತವೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್, ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ, ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿ ಬದಲಿಸುವುದಿಲ್ಲ. ಪೂರ್ವದ ಝೋನ್ ಎರಡಾಗಿ ಒಡೆಯುತ್ತದೆ, ನಡುವಿನದೂ ಎರಡಾಗುತ್ತದೆ, ಪಶ್ಚಿಮದ್ದು ಒಂದೇ ಉಳಿಯುತ್ತದೆ. ಒಟ್ಟು ಐದು.

ಬದಲಿಸುವವರೆಲ್ಲ ದಕ್ಷಿಣದವರು, ಗಮನಿಸಿದಿರಾ? ಇದು ಕಾಕತಾಳೀಯ ಅಲ್ಲ. ದಕ್ಷಿಣದ ತುದಿಯ ಹೋಬಾರ್ಟ್‌ನಲ್ಲಿ ಡಿಸೆಂಬರ್‌ನ ಹಗಲು 15 ಗಂಟೆಗೂ ಜಾಸ್ತಿ. ಗಡಿಯಾರ ಬದಲಿಸದಿದ್ದರೆ ಬೆಳಗಿನ ಜಾವ ನಾಲ್ಕೂವರೆಗೇ ಸೂರ್ಯ ಹುಟ್ಟುತ್ತಾನೆ. ಬದಲಿಸಿದರೆ ಐದೂವರೆ, ಮುಳುಗುವುದು ರಾತ್ರಿ ಎಂಟೂಮುಕ್ಕಾಲರ ಮೇಲೆ. ಕೆಲಸ ಮುಗಿಸಿ ಬಂದು ಮಕ್ಕಳ ಜೊತೆ ಆಡೋದಕ್ಕೆ ಬೇಕಾದಷ್ಟು ಬೆಳಕು. ಆದರೆ ಡಾರ್ವಿನ್‌ನಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆ, ಬೇಸಿಗೆಯಲ್ಲೂ 13 ದಾಟುವುದಿಲ್ಲ. ಉಳಿಸೋದಕ್ಕೆ ಅಲ್ಲಿ ಹೆಚ್ಚಿನ ಬೆಳಕೇ ಇಲ್ಲ.

ಯುದ್ಧಕಾಲದ ಪ್ರಯೋಗಗಳನ್ನು ಬಿಟ್ಟರೆ, ಇದನ್ನು ಮತ್ತೆ ಶುರು ಮಾಡಿದ್ದು ಟಾಸ್ಮೇನಿಯಾ. 1967ರಲ್ಲಿ ಅಲ್ಲಿ ಭೀಕರ ಬರ. ಆ ದ್ವೀಪದ ಕರೆಂಟ್ ಬರುತ್ತಿದ್ದದ್ದೇ ಅಣೆಕಟ್ಟುಗಳ ನೀರಿನಿಂದ. ಸಂಜೆ ದೀಪ ಹಚ್ಚುವ ಹೊತ್ತನ್ನು ಒಂದು ಗಂಟೆ ಮುಂದೂಡಿದರೆ ಅಷ್ಟು ನೀರು ಉಳಿಯುತ್ತದೆ ಅನ್ನುವ ಲೆಕ್ಕ. 1971ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಬಿಟ್ಟು ಉಳಿದ ರಾಜ್ಯಗಳೂ ಸೇರಿಕೊಂಡವು, ಕ್ವೀನ್ಸ್‌ಲ್ಯಾಂಡ್ ಕೂಡ. ಆದರೆ ಕ್ವೀನ್ಸ್‌ಲ್ಯಾಂಡ್ ಒಂದೇ ಬೇಸಿಗೆಗೆ ಕೈಬಿಟ್ಟಿತು.

ಕ್ವೀನ್ಸ್‌ಲ್ಯಾಂಡ್ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1989ರಿಂದ ಮೂರು ಬೇಸಿಗೆ ಮತ್ತೆ ಪ್ರಯೋಗ ನಡೆಯಿತು. 1992ರ ಫೆಬ್ರವರಿಯಲ್ಲಿ ಜನಮತ. ಸುಮಾರು 54.5% ಜನ ಬೇಡ ಅಂದರು. ವೋಟಿನ ಮ್ಯಾಪ್ ಇನ್ನೂ ಹೆಚ್ಚು ಹೇಳುತ್ತದೆ. ಆಗ್ನೇಯ ಮೂಲೆಯ ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಬೇಕು ಅಂದವು. ಉತ್ತರ ಮತ್ತು ಪಶ್ಚಿಮದ ಜನ ಜೋರಾಗಿಯೇ ಬೇಡ ಅಂದರು.

ಇಬ್ಬರೂ ಸರಿ ಅನ್ನುವುದು ನನ್ನ ಮಾತು. ಬ್ರಿಸ್ಬೇನ್‌ನಲ್ಲಿ ಡಿಸೆಂಬರ್‌ನ ಸೂರ್ಯೋದಯ ಬೆಳಿಗ್ಗೆ 5ಕ್ಕೂ ಮೊದಲು, ಸೂರ್ಯಾಸ್ತ ಸಂಜೆ ಆರೂಮುಕ್ಕಾಲರ ಒಳಗೆ. ಸಂಜೆ ಬೆಳಕು ಬೇಕು ಅಂತ ಅವರು ಕೇಳುವುದರಲ್ಲಿ ಏನು ತಪ್ಪು? ಆದರೆ ಅದೇ ರಾಜ್ಯದ ಪಶ್ಚಿಮದ ಮೌಂಟ್ ಐಸಾ ಊರು ಬ್ರಿಸ್ಬೇನ್‌ಗಿಂತ 13 ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕಿದೆ. ಅಲ್ಲಿ ಈಗಾಗಲೇ ಸೂರ್ಯ ಮುಳುಗುವುದು ಏಳು ಗಂಟೆಯ ಮೇಲೆ. ಇನ್ನೊಂದು ಗಂಟೆ ಸೇರಿಸಿದರೆ ಸುಡುವ ಬಿಸಿಲು ರಾತ್ರಿ ಎಂಟು ದಾಟುತ್ತದೆ. ಮಕ್ಕಳನ್ನು ಮಲಗಿಸುವುದು ಯಾವಾಗ? ಒಂದೇ ನಿಯಮ ಈ ಎರಡೂ ಊರಿಗೆ ಹೊಂದುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯಾ ಇನ್ನೂ ಗಟ್ಟಿ. 1975, 1984, 1992, 2009, ನಾಲ್ಕು ಸಲ ಜನಮತ, ನಾಲ್ಕು ಸಲವೂ ಬೇಡ. ಕೊನೆಯ ಸಲಕ್ಕೆ ಮೊದಲು ಮೂರು ಬೇಸಿಗೆ ಪ್ರಯೋಗವೂ ಆಗಿತ್ತು.

ಇದರ ಬೆಲೆ ತೆರುವವರೂ ಇದ್ದಾರೆ. ಆಸ್ಟ್ರೇಲಿಯಾದ ಷೇರು ಮಾರುಕಟ್ಟೆ ಸಿಡ್ನಿ ಟೈಮ್ ಪ್ರಕಾರ 10ಕ್ಕೆ ತೆರೆಯುತ್ತದೆ. ಬೇಸಿಗೆಯಲ್ಲಿ ಪರ್ತ್‌ನಲ್ಲಿ ಆಗ ಬೆಳಿಗ್ಗೆ 7. ಮಾರ್ಕೆಟ್ ಮುಚ್ಚುವಾಗ ಪರ್ತ್‌ನಲ್ಲಿ ಇನ್ನೂ ಮಧ್ಯಾಹ್ನ 1. ಮಾಮೂಲಿ ಆಫೀಸುಗಳಿಗೂ ಕಷ್ಟವೇ. ಸಿಡ್ನಿಯವರು ಊಟಕ್ಕೆ ಏಳುವ ಹೊತ್ತಿಗೆ ಪರ್ತ್‌ನವರು ಆಗತಾನೇ ಬಂದು ಕೂತಿರುತ್ತಾರೆ. ಪರ್ತ್‌ನಲ್ಲಿ 2 ಗಂಟೆ ಆಗುವಷ್ಟರಲ್ಲಿ ಸಿಡ್ನಿಯವರು ಮನೆಗೆ ಹೊರಡುತ್ತಾರೆ.

[ತೆರೆಯಲ್ಲಿ: ಟ್ವೀಡ್ ಹೆಡ್ಸ್ ಮತ್ತು ಕೂಲಂಗಾಟಾ, ನಡುವೆ ಬೌಂಡರಿ ಸ್ಟ್ರೀಟ್.]

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಗಡಿಯ ಊರುಗಳಲ್ಲಿ. ಟ್ವೀಡ್ ಹೆಡ್ಸ್ ಮತ್ತು ಕೂಲಂಗಾಟಾ ಅವಳಿ ಊರುಗಳು. ನಡುವೆ ಬೌಂಡರಿ ಸ್ಟ್ರೀಟ್ ಅನ್ನುವ ಒಂದು ರಸ್ತೆ. ಒಂದು ಬದಿ ನ್ಯೂ ಸೌತ್ ವೇಲ್ಸ್, ಇನ್ನೊಂದು ಬದಿ ಕ್ವೀನ್ಸ್‌ಲ್ಯಾಂಡ್. ಬೇಸಿಗೆಯಲ್ಲಿ ರಸ್ತೆ ದಾಟಿದರೆ ಒಂದು ಗಂಟೆ ವ್ಯತ್ಯಾಸ. ಕೂಲಂಗಾಟಾದವರಿಗೆ ಟ್ವೀಡ್ ಹೆಡ್ಸ್‌ನ ಡೆಂಟಿಸ್ಟ್ 10 ಗಂಟೆಗೆ ಬರಹೇಳಿದರೆ, ತಮ್ಮ ಮನೆ ಗಡಿಯಾರದಲ್ಲಿ 9 ಆಗುವಾಗಲೇ ಅಲ್ಲಿರಬೇಕು. ಮಕ್ಕಳ ಶಾಲೆ ಒಂದು ಕಡೆ, ಅಪ್ಪ ಅಮ್ಮನ ಕೆಲಸ ಇನ್ನೊಂದು ಕಡೆ ಇದ್ದರೆ ಆರು ತಿಂಗಳು ಇದೇ ಲೆಕ್ಕ. ಪಕ್ಕದ ಗೋಲ್ಡ್ ಕೋಸ್ಟ್ ವಿಮಾನ ನಿಲ್ದಾಣದ ರನ್‌ವೇ ಕೂಡ ರಾಜ್ಯದ ಗಡಿ ದಾಟುತ್ತದೆ. ಅದಕ್ಕೇ ಅಲ್ಲಿ ವರ್ಷವಿಡೀ ಕ್ವೀನ್ಸ್‌ಲ್ಯಾಂಡ್ ಟೈಮನ್ನೇ ಪಾಲಿಸುತ್ತಾರೆ.

ಮೂರು ರಾಜ್ಯಗಳು ಕೂಡುವ ಕ್ಯಾಮರಾನ್ ಕಾರ್ನರ್‌ನಲ್ಲಂತೂ ಹೊಸ ವರ್ಷ ಮೂರು ಸಲ ಬರುತ್ತದೆ. ಅರ್ಧ ಅರ್ಧ ಗಂಟೆ ಬಿಟ್ಟು.

ಇನ್ನು ರಾಜ್ಯದ ಟೈಮನ್ನೇ ಒಪ್ಪದ ಊರುಗಳೂ ಇವೆ. ಬೆಳ್ಳಿ, ಸೀಸದ ಗಣಿಗಳಿಗೆ ಹೆಸರಾದ ಬ್ರೋಕನ್ ಹಿಲ್ ಇರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ. ಪಾಲಿಸುವುದು ಅಡಿಲೇಡ್ ಟೈಮ್. ಕಾರಣ ರೈಲು. 1888ರಲ್ಲೇ ಅದಿರು ಸಾಗಿಸಲು ದಕ್ಷಿಣ ಆಸ್ಟ್ರೇಲಿಯಾ ಕಡೆಗೆ ರೈಲು ಹಾದಿ ಆಯಿತು. ಸ್ವಂತ ರಾಜಧಾನಿ ಸಿಡ್ನಿಗೆ ರೈಲು ಸಂಪರ್ಕ ಸಿಕ್ಕಿದ್ದು 1927ರಲ್ಲಿ. ಅಷ್ಟರಲ್ಲಿ ಊರಿನ ಬದುಕೇ ಅಡಿಲೇಡ್‌ಗೆ ಹೊಂದಿಕೊಂಡಿತ್ತು. ನ್ಯೂ ಸೌತ್ ವೇಲ್ಸ್ ಕಾನೂನು ಕೂಡ ಇದನ್ನು ಒಪ್ಪಿದೆ.

[ತೆರೆಯಲ್ಲಿ: ನಲ್ಲಾರ್ಬೋರ್ ಬಯಲು, ನೇರವಾದ ಹೆದ್ದಾರಿ.]

ನನಗೆ ತುಂಬಾ ಇಷ್ಟವಾದದ್ದು ಯೂಕ್ಲಾ. ಪರ್ತ್‌ನಿಂದ ಅಡಿಲೇಡ್ ಕಡೆಗೆ ಹೋಗುವ ಐರ್ ಹೆದ್ದಾರಿಯಲ್ಲಿ, ಮರಗಳೇ ಇಲ್ಲದ ನಲ್ಲಾರ್ಬೋರ್ ಬಯಲಿನ ಅಂಚಿನಲ್ಲಿರುವ ಪುಟ್ಟ ಊರು. 1877ರಲ್ಲಿ ಇಲ್ಲಿ ಟೆಲಿಗ್ರಾಫ್ ಕೇಂದ್ರ ಶುರುವಾಗಿತ್ತು. ಪಶ್ಚಿಮದ ಟೈಮ್ 8 ಗಂಟೆ, ನಡುವಿನದು 9:30. ಯೂಕ್ಲಾದವರು ಸರಿಯಾಗಿ ನಡುವೆ ನಿಂತರು, 8:45. ಯಾವ ಕಾನೂನಿನಲ್ಲೂ ಇದು ಇಲ್ಲ. ಆದರೂ ಹೆದ್ದಾರಿಯಲ್ಲಿ ಬೋರ್ಡ್ ಇದೆ, ಗಡಿಯಾರವನ್ನು 45 ನಿಮಿಷ ಬದಲಿಸಿ ಅಂತ. ಕಂಪ್ಯೂಟರ್, ಮೊಬೈಲ್‌ಗಳು ಬಳಸುವ ಟೈಮ್ ಝೋನ್ ಪಟ್ಟಿಯಲ್ಲೂ ಯೂಕ್ಲಾಗೆ ಪ್ರತ್ಯೇಕ ಸಾಲಿದೆ. ಪಕ್ಕದ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ ಚಳಿಗಾಲದಲ್ಲಿ ಇನ್ನೊಂದು 45 ನಿಮಿಷ, ಬೇಸಿಗೆಯಲ್ಲಿ ಒಂದೂಮುಕ್ಕಾಲು ಗಂಟೆ ಮುಂದಕ್ಕೆ.

ಸಿಡ್ನಿಯಿಂದ ಪೂರ್ವಕ್ಕೆ ಸಮುದ್ರದಲ್ಲಿರುವ ಲಾರ್ಡ್ ಹೋವ್ ದ್ವೀಪದ್ದು ಇನ್ನೊಂದು ರೀತಿ. ಚಳಿಗಾಲದಲ್ಲಿ 10:30, ಸೂರ್ಯನ ಲೆಕ್ಕಕ್ಕೆ ಬಹಳ ಹತ್ತಿರ. ಬೇಸಿಗೆಯಲ್ಲಿ ಸಿಡ್ನಿ 11ಕ್ಕೆ ಹೋದಾಗ ಇವರು ಅರ್ಧ ಗಂಟೆ ಮಾತ್ರ ಮುಂದಿಟ್ಟು ಸಿಡ್ನಿಗೆ ಜೊತೆಯಾಗುತ್ತಾರೆ. ಅರ್ಧ ಗಂಟೆಯ ಡೇಲೈಟ್ ಸೇವಿಂಗ್ ಪ್ರಪಂಚದಲ್ಲಿ ಈಗ ಇರುವುದು ಇಲ್ಲಿ ಮಾತ್ರ.

ಗಡಿಯಾರ ಬದಲಿಸುವ ತಾರೀಖು ಕೂಡ ಬಹಳ ಕಾಲ ಒಂದೇ ಆಗಿರಲಿಲ್ಲ. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗಾಗಿ ಆಗಸ್ಟ್ ಕೊನೆಗೇ ಅಲ್ಲಿ ಗಡಿಯಾರ ಮುಂದಕ್ಕೆ ಹೋಯಿತು, ದಕ್ಷಿಣ ಆಸ್ಟ್ರೇಲಿಯಾ ಹೋಗಲಿಲ್ಲ. ಎರಡು ತಿಂಗಳು ಸಿಡ್ನಿ ಮತ್ತು ಅಡಿಲೇಡ್ ನಡುವೆ ಒಂದೂವರೆ ಗಂಟೆ ಅಂತರ. 2008ರಿಂದ ಈಗಿನ ಅಕ್ಟೋಬರ್, ಏಪ್ರಿಲ್ ತಾರೀಖುಗಳನ್ನು ಎಲ್ಲರೂ ಒಟ್ಟಿಗೆ ಪಾಲಿಸುತ್ತಿದ್ದಾರೆ.

ಇಡೀ ದೇಶಕ್ಕೆ ಒಂದೇ ಟೈಮ್ ಮಾಡಿಬಿಡಿ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಜನ ಪ್ರಯೋಗ ಮಾಡಿ ನೋಡಿ, ವೋಟು ಹಾಕಿ ತೀರ್ಮಾನಿಸಿದ ಗಡಿಯಾರ ಇದು. ಆದರೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜನಮತ ಆಗಿ ಮೂರು ದಶಕ ಕಳೆದಿವೆ. ಆಗ ಹುಟ್ಟಿರದಿದ್ದ ಎಷ್ಟೋ ಜನ ಇವತ್ತು ಆ ಬೌಂಡರಿ ಸ್ಟ್ರೀಟ್ ದಾಟಿ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರನ್ನು ಇನ್ನೊಮ್ಮೆ ಕೇಳಬೇಕು, ಅಲ್ವಾ?

ಕೊನೆಗೆ, ಆಸ್ಟ್ರೇಲಿಯಾದಲ್ಲಿ ನಿಮ್ಮವರು ಯಾರಾದರೂ ಇದ್ದರೆ ಊರಿನ ಹೆಸರು ಕೇಳಿಯೇ ಲೆಕ್ಕ ಹಾಕಿ. ಸಿಡ್ನಿ, ಮೆಲ್ಬರ್ನ್ ಆದರೆ ಭಾರತಕ್ಕಿಂತ ಅಲ್ಲಿನ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಅಡಿಲೇಡ್ ನಾಲ್ಕು, ಆಮೇಲೆ ಐದು. ಬ್ರಿಸ್ಬೇನ್ ವರ್ಷಪೂರ್ತಿ ನಾಲ್ಕೂವರೆ, ಡಾರ್ವಿನ್ ನಾಲ್ಕು, ಪರ್ತ್ ಎರಡೂವರೆ. ವಾರವಾರ ಮೀಟಿಂಗ್ ಇರುವವರು ಕ್ಯಾಲೆಂಡರ್‌ನಲ್ಲಿ ನಗರದ ಹೆಸರನ್ನೇ ಆರಿಸಿ ಸೇವ್ ಮಾಡಿ. ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಗಡಿಯಾರ ಬದಲಾದ ಮೇಲಿನ ಮೀಟಿಂಗ್‌ಗೆ ಸಿಡ್ನಿಯವರು ಒಂದು ಗಂಟೆ ಮೊದಲೇ ಬಂದು ಕಾಯುತ್ತಿರುತ್ತಾರೆ.