ಆಟಿಯಲ್ಲಿ (ತುಳುನಾಡಿನ ಮಳೆ ತಿಂಗಳು, ಜುಲೈ-ಆಗಸ್ಟ್) ಕಡೆದ ಪೆನ್ನು ಡಿಸೆಂಬರಿಗೆ ಸೀಳುವುದು ಯಾಕೆ?

ನಮಸ್ಕಾರ. ಕಾರ್ಕಳದಿಂದ ಒಬ್ಬರು ಕೇಳಿದ್ದಾರೆ: "ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಗೆಲ್ಲು ಉಂಟು. ಲೇತಿನಲ್ಲಿ ಪೆನ್ನು ಮಾಡುವ ಆಸೆ. ಎಂತೆಲ್ಲ ಬೇಕು?"

ಬೇಗ ಹೇಳಿಬಿಡ್ತೇನೆ. ಮರ ಕಡೆಯುವ ಸಣ್ಣ ಲೇತ್, ಅಂದ್ರೆ ಮರವನ್ನು ಗರಗರ ತಿರುಗಿಸುವ ಯಂತ್ರ, ತಿರುಗುವಾಗ ಉಳಿ ಹಿಡಿದು ಕೆತ್ತುವುದು. ಮ್ಯಾಂಡ್ರೆಲ್, ಅಂದ್ರೆ ತುಂಡುಗಳನ್ನು ಪೋಣಿಸುವ ಉಕ್ಕಿನ ಸರಳು. 7 ಮಿ.ಮೀ. ಡ್ರಿಲ್ ಬಿಟ್. ಹರಿತದ ಒಂದೆರಡು ಉಳಿ. ಮತ್ತೆ ಪೆನ್ ಕಿಟ್. ಮೊನೆ, ಕ್ಲಿಪ್, ರೀಫಿಲ್, ಎರಡು ಹಿತ್ತಾಳೆ ಕೊಳವೆ, ಎಲ್ಲ ಅದರಲ್ಲೇ ಬರ್ತದೆ. ಮೊದಲ ಸಲಕ್ಕೆ ಸ್ಲಿಮ್‌ಲೈನ್ ಕಿಟ್ (ತೆಳ್ಳಗಿನ ಬಾಲ್ ಪೆನ್ನಿನದ್ದು) ಸಾಕು, ಫೌಂಟನ್ ಪೆನ್ನಿನ ಕಿಟ್ ನೋಡಿ ಜೊಲ್ಲು ಸುರಿಸಬೇಡಿ. 19 ಮಿ.ಮೀ. ಚೌಕದ, ಐದಿಂಚು ಉದ್ದದ ಮರ ತಗೊಳ್ಳಿ. ಎರಡು ತುಂಡು ಮಾಡಿ, ಉದ್ದಕ್ಕೆ ತೂತು ಕೊರೆದು, ಕೊಳವೆ ಅಂಟಿಸಿ, ಕಡೆದ್ರೆ ಪೆನ್ನು.

ಇಷ್ಟು ಯಾವ ವಿಡಿಯೋದಲ್ಲೂ ಸಿಗ್ತದೆ. ಅವರು ಹೇಳದೇ ಇರುವುದು ನಮ್ಮ ಕರಾವಳಿಯ ಮಂಡೆಬಿಸಿ: ನೀರು.

(ದೃಶ್ಯ: ಕೈಯಲ್ಲಿ ಪೆನ್ನು, ಉದ್ದಕ್ಕೂ ಕೂದಲೆಳೆಯಂಥ ಬಿರುಕು)

ಮಳೆಗಾಲದಲ್ಲಿ ಗಾಳಿಯ ತೇವ ಶೇ 85ರ ಆಸುಪಾಸಿಗೆ ಹೋದ್ರೆ, ಒಣಗಿದೆ ಅಂತ ನೀವು ನಂಬಿದ ಮರವೂ ತನ್ನ ತೂಕದ ಶೇ 17-18ರಷ್ಟು ನೀರು ಹಿಡಿದುಕೊಂಡು ಕೂತಿರ್ತದೆ. ಪೆನ್ನಿಗೆ ಬೇಕಾದ್ದು ಶೇ 10ರ ಹತ್ತಿರ. ಆಟಿಯಲ್ಲಿ ಕಡೆದ ಪೆನ್ನು ಚಳಿಗಾಲಕ್ಕೆ, ಇಲ್ಲ ಬೆಂಗಳೂರಿನ ಯಾವುದೋ ಎಸಿ ಆಫೀಸಿಗೆ ಹೋದಾಗ ಒಣಗ್ತದೆ, ಕುಗ್ತದೆ. ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ. ಹೊಸ ಕಾಟನ್ ಅಂಗಿ ಒಗೆದ ಮೇಲೆ ಸಣ್ಣದಾಗ್ತದೆ, ಹೊಟ್ಟೆ ಆಗುವುದಿಲ್ಲ, ಗುಂಡಿ ಹಾರ್ತದೆ. ಪೆನ್ನಿನ ತುದಿಯಲ್ಲಿ ಮರದ ದಪ್ಪ ಒಂದು ಮಿಲಿಮೀಟರೂ ಇಲ್ಲ ಮಾರಾಯ್ರೆ, ಸೀಳದೆ ಎಂತ ಮಾಡ್ತದೆ?

ಹಾಗಾಗಿ ಬಿದ್ದ ಗೆಲ್ಲು ಈಗಲೇ ಬೇಡ. ಸೀಳಿ ಚೌಕ ತುಂಡು ಮಾಡಿ, ಎರಡೂ ತುದಿಗೆ ಮೇಣವೋ ಪೇಂಟೋ ಬಳಿದು, ನೆರಳಲ್ಲಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಲ್ಲುವ ತನಕ. ಅದೂ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ತಕ್ಕಡಿಯೂ ಸುಳ್ಳು ಸಮಾಧಾನ ಹೇಳ್ತದೆ. ಕಾಯಲಿಕ್ಕೆ ಆಗದವರಿಗೆ ನನ್ನ ದಾರಿ: ಹಂಚಿನ ಮನೆ ಕೆಡವುವ ಕಡೆ ಹೋಗಿ ರೀಪು, ಪಕ್ಕಾಸಿನ (ಹಂಚು ಹೊರುವ ಮರದ ಪಟ್ಟಿಗಳು) ತುಂಡು ಕೇಳಿ. ದಶಕಗಟ್ಟಲೆ ಹಂಚಿನ ಕೆಳಗೆ ಬಿಸಿ ತಿಂದ ಸಾಗುವಾನಿ, ಬೋಗಿ, ಹೆಬ್ಬಲಸು. ಮನೆಗೆ ತಂದು ಕೆಲವು ವಾರ ಒಳಗಿಟ್ಟರೆ ಸಾಕು. ಮೊಳೆ ಉಂಟಾ ಅಂತ ಅಯಸ್ಕಾಂತ ಆಡಿಸಿ ನೋಡಿ, ಉಳಿ ಉಳೀತದೆ.

ಈಗ ನನಗೆ ಇಷ್ಟದ ಭಾಗ: ಅಂಟು.

ಕೊಳವೆ ಕೂರಿಸಲಿಕ್ಕೆ ಎಲ್ಲರೂ ಬಳಸುವುದು ಸೂಪರ್ ಗ್ಲೂ, ಅಂದ್ರೆ ಸೈಯಾನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಿದ್ದರು. ಇದು ಸಿಕ್ಕಿತು, ಆದರೆ ಮುಟ್ಟಿದ್ದಕ್ಕೆಲ್ಲ ಅಂಟಿತು ಅಂತ ಬಿಟ್ಟುಬಿಟ್ಟರು! ಅಂಗಡಿಗೆ ಬಂದದ್ದು 1958ರಲ್ಲಿ. ಇದು ಒಣಗಿ ಗಟ್ಟಿಯಾಗುವ ಅಂಟಲ್ಲ, ನೀರಿನ ತೇವ ತಾಗಿ ಗಟ್ಟಿಯಾಗುವುದು. ಪೊಲೀಸರು ಇದರ ಹಬೆ ಹಿಡಿದು ಬೆರಳಚ್ಚು ಎಬ್ಬಿಸುವುದೂ ಹಾಗೇ: ಬೆವರಿನ ಗುರುತಿನ ಮೇಲೆ ಬಿಳಿಯಾಗಿ ಕೂರ್ತದೆ. ಈಗ ಯೋಚಿಸಿ, ಜುಲೈಯಲ್ಲಿ ಉಡುಪಿಯ ಗಾಳಿ. ಕೊಳವೆ ಅರ್ಧ ಒಳಗೆ, ಅರ್ಧ ಹೊರಗೆ, ಅಲ್ಲೇ ಕಚ್ಚಿಕೊಂಡಿತು! ತಳ್ಳಲಿಕ್ಕೂ ಇಲ್ಲ, ಎಳೆಯಲಿಕ್ಕೂ ಇಲ್ಲ. ಮಳೆಗಾಲದಲ್ಲಿ ನಿಧಾನದ ಎಪಾಕ್ಸಿ, ಅಂದ್ರೆ ಎರಡು ಟ್ಯೂಬಿನದ್ದು ಕಲಸಿ ಹಚ್ಚುವ ಅಂಟು, ಬಳಸಿ. ಕೊಳವೆಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಿ, ತಿರುಗಿಸುತ್ತಾ ತುರುಕಿ.

ಇನ್ನೊಂದು. ಈ ಸೂಪರ್ ಗ್ಲೂ ಹತ್ತಿಬಟ್ಟೆಗೆ ಬಿದ್ರೆ ಬಿಸಿಯಾಗ್ತದೆ, ಚರ್ಮ ಸುಡುವಷ್ಟು. ಕಾಟನ್ ಮುಂಡು ಉಟ್ಟು ಲೇತಿನೆದುರು ಕೂರುವ ಮಾವಂದಿರೆ, ದಯವಿಟ್ಟು ಬೇಡ. ಪಾಲಿಶಿಗೆ ಇದನ್ನೇ ಬಳಿಯುವವರು ಹತ್ತಿ ಚಿಂದಿ ಬಿಟ್ಟು ಪೇಪರ್ ಟವೆಲ್ ಹಿಡೀರಿ.

ಅಯ್ಯೋ, ಟೈಮ್ ಆಯ್ತು. ಉಳಿದದ್ದು ಓಟದಲ್ಲಿ. ಅಂಟು ಗಟ್ಟಿಯಾದ ಮೇಲೆ ಮರದ ಎರಡೂ ತುದಿಯನ್ನು ಹಿತ್ತಾಳೆ ಕಾಣುವ ತನಕ ಚೊಕ್ಕ ಸಮ ಮಾಡಿ, ಇಲ್ಲದಿದ್ರೆ ಕೊನೆಗೆ ಸಂದು ಕಾಣ್ತದೆ. ಟೈಲ್‌ಸ್ಟಾಕನ್ನು (ಮ್ಯಾಂಡ್ರೆಲಿನ ಇನ್ನೊಂದು ತುದಿಯನ್ನು ಒತ್ತಿ ಹಿಡಿಯುವ ಲೇತಿನ ಭಾಗ) ಬಿಗಿದು ಕೊಲ್ಲಬೇಡಿ. ಮ್ಯಾಂಡ್ರೆಲ್ ಬಾಗ್ತದೆ, ಪೆನ್ನು ಮೊಟ್ಟೆಯಾಕಾರ ಆಗ್ತದೆ. ವೇಗ ನಿಮಿಷಕ್ಕೆ 2000 ಸುತ್ತಿನ ಮೇಲೆ. ಮರ ಬುಶಿಂಗಿನ (ತುಂಡಿನ ಎರಡೂ ಬದಿ ಕೂರುವ, ಪೆನ್ನಿನ ದಪ್ಪ ತೋರಿಸುವ ಲೋಹದ ಬಳೆ) ಮಟ್ಟಕ್ಕೆ ಬಂದ ಕೂಡಲೇ ಉಳಿ ಕೆಳಗಿಡಿ, ಮತ್ತೆ 220 ನಂಬರಿನಿಂದ 600ರ ತನಕ ಸ್ಯಾಂಡ್ ಪೇಪರ್. ಮುಖಕ್ಕೆ ಶೀಲ್ಡ್ ಬೇಕೇ ಬೇಕು. ಗ್ಲೌಸ್ ಬೇಡವೇ ಬೇಡ, ಸಿಕ್ಕಿಕೊಂಡ್ರೆ ಲೇತ್ ಕೈಯನ್ನೂ ಎಳೀತದೆ. ಬೀಟೆ ಕಡೆಯುವಾಗ ಮಾಸ್ಕ್. ಅದರ ಧೂಳು ಕೆಲವರಿಗೆ ಆಗಿಬರುವುದಿಲ್ಲ. ಜೋಡಿಸುವಾಗ ರೀಫಿಲ್ ತಿರುಗಿಸುವ ಭಾಗವನ್ನು ಒಮ್ಮೆಲೆ ಒತ್ತಬೇಡಿ. ಸ್ವಲ್ಪ ಒತ್ತಿ, ರೀಫಿಲ್ ಹಾಕಿ, ಮೊನೆ ಎಷ್ಟು ಹೊರಗೆ ಬಂತು ನೋಡಿ, ಮತ್ತೆ ಒತ್ತಿ.

"ಅಡಿಕೆ ಮರದಲ್ಲಿ ಆಗ್ತದಾ?" ಅಂತ ಕೇಳುವವರಿದ್ದೀರಿ, ಗೊತ್ತುಂಟು. ಆಗ್ತದೆ. ಹೊರಗಿನ ಗಟ್ಟಿ ಭಾಗ ಮಾತ್ರ, ಒಳಗಿನ ತಿರುಳು ಬೇಡ. ನಾರು ನಾರಾಗಿ ಏಳ್ತದೆ, ತೆಳು ಸೂಪರ್ ಗ್ಲೂ ಕುಡಿಸಿ ಕುಡಿಸಿ ಕಡೀಬೇಕು. ಆದರೆ ಮೊದಲ ಪೆನ್ನು ಅದರಲ್ಲಿ ಮಾಡಬೇಡಿ.