ತಾಳ್ಮೆಯ ಉಪದೇಶ ಸಾಕು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗೆ ಕೂತಿರುವ ತಂದೆ ತಾಯಂದಿರೇ, ಗಂಡ ಹೆಂಡಿರೇ, ಅಣ್ಣ ತಮ್ಮ ಅಕ್ಕ ತಂಗಿಯರೇ. ಕೊನೆಯವರ ಹೆಸರನ್ನು ಬೇಕೆಂದೇ ಎತ್ತಿದೆ. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನಸ್ಸಿನ ಕಾಯಿಲೆ, ಇರುವವರ ಮನೆ ಎಂದರೆ ಎಲ್ಲರ ಕಣ್ಣಿಗೆ ಬರುವುದು ಒಬ್ಬ ತಾಯಿ. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುವ ತಂಗಿಯನ್ನು ಯಾರೂ ಮಾತಾಡಿಸುವುದಿಲ್ಲ.

ಮೇ 24, ವಿಶ್ವ ಸ್ಕಿಜೋಫ್ರೇನಿಯಾ ದಿನ. ನನಗೆ ಕೊಟ್ಟ ವಿಷಯ 'ಕುಟುಂಬದ ಜವಾಬ್ದಾರಿ'. ಹದಿನೈದು ವರ್ಷ ಮಗನ ಮಾತ್ರೆ ಎಣಿಸಿದವರಿಗೆ ಜವಾಬ್ದಾರಿ ನೆನಪಿಸಲು ನನಗೆ ಧೈರ್ಯವಿಲ್ಲ. ಹಾಗಾಗಿ, ಅವರ ಬಗ್ಗೆ ಮಿಕ್ಕವರ ಜವಾಬ್ದಾರಿ ಏನು ಅಂತ ಮಾತಾಡುತ್ತೇನೆ. ಸಂಘಟಕರು ಕ್ಷಮಿಸಬೇಕು, ಕರಪತ್ರ ಹೇಗೂ ಅಚ್ಚಾಗಿಹೋಗಿದೆ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಏನು ಹೇಳುತ್ತಾರೆ, ನೆನಪಿದೆಯಾ? "ಮಾತ್ರೆ ತಪ್ಪಿಸಬೇಡಿ, ತಾಳ್ಮೆಯಿಂದ ಇರಿ." ಮುಗಿಯಿತು. ನಡುರಾತ್ರಿ ಎದ್ದು, ಊಟದಲ್ಲಿ ವಿಷ ಬೆರೆಸಿದ್ದೀಯ ಅಂದರೆ ಏನು ಉತ್ತರ ಕೊಡಬೇಕು? ತಾಳ್ಮೆ. ಮೂರು ವಾರ ಸ್ನಾನ ಮಾಡದಿದ್ದರೆ? ತಾಳ್ಮೆ. ಅದೇನು ಔಷಧದ ಅಂಗಡಿಯಲ್ಲಿ ಸಿಗುತ್ತದೆಯೇ? ನಾನು ಮತ್ತೆ ಮತ್ತೆ ಹೇಳುವ ಮಾತು ಇಷ್ಟೇ: ತಾಳ್ಮೆ ಬೇಕೆಂದರೆ ಅದಕ್ಕೆ ತಿಳಿವಳಿಕೆ ಬೇಕು, ನಿದ್ದೆ ಬೇಕು, ಕಷ್ಟ ಹೇಳಿಕೊಳ್ಳಲು ಜನ ಬೇಕು. ಇವನ್ನು ಒದಗಿಸದೆ ತಾಳ್ಮೆ ಕೇಳುವವರು ಪುಕ್ಕಟೆ ದುಡಿಮೆ ಕೇಳುತ್ತಿದ್ದಾರೆ.

ನಮ್ಮ ಕುಟುಂಬಗಳ ಗುಂಪಿಗೆ ಒಬ್ಬ ತಂದೆ ಬರುತ್ತಿದ್ದರು, ನಿವೃತ್ತ ಎಂಜಿನಿಯರು. ಈ ಕತೆ ಕೇಳಿದವರು ಇಲ್ಲಿ ಇರಬಹುದು, ಇನ್ನೊಮ್ಮೆ ಕೇಳಿ. ಅವರ ಮಗನಿಗೆ ಸ್ವಿಚ್‌ಬೋರ್ಡಿನೊಳಗೆ ಕ್ಯಾಮೆರಾ ಇದೆ ಅಂತ ಗಟ್ಟಿ ನಂಬಿಕೆ. ಎಂಜಿನಿಯರಲ್ಲವೇ, ಸಾಬೀತು ಮಾಡಿ ತೋರಿಸಿಬಿಡೋಣ ಅಂತ ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತರು. ಮೇನ್ ಆಫ್ ಮಾಡಿ, ಮಗನ ಕೋಣೆಯ ಬೋರ್ಡು ಬಿಚ್ಚಿ, ಒಂದೊಂದೇ ತಂತಿ ಎಳೆದು, ಮಗನ ಕೈಗೆ ಟಾರ್ಚ್ ಕೊಟ್ಟು "ನೋಡಪ್ಪ, ಎಲ್ಲಿದೆ ಕ್ಯಾಮೆರಾ?" ಅಂದರು. ಮಗ ಬಗ್ಗಿ ನೋಡಿದ. ನಿಧಾನವಾಗಿ, ಶ್ರದ್ಧೆಯಿಂದ ನೋಡಿದ. ಆಮೇಲೆ, "ಅಪ್ಪ, ನೀವು ಬಿಚ್ಚುತ್ತೀರಿ ಅಂತ ಅವರಿಗೆ ಗೊತ್ತಾಗಿದೆ, ರಾತ್ರಿಯೇ ತೆಗೆದಿದ್ದಾರೆ" ಅಂದ. (ನಗು) ನಗಬಹುದು, ಅವರೂ ನಗುತ್ತಲೇ ಹೇಳಿದ್ದು. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಹಜಾರದ ಬೋರ್ಡು ಬಿಚ್ಚಿದರು, ಬಚ್ಚಲಿನದೂ ಬಿಚ್ಚಿದರು. ಸಂಜೆಯ ಹೊತ್ತಿಗೆ ಮನೆಯಿಡೀ ಕತ್ತಲೆ, ಅಪ್ಪ ಮಗನ ನಡುವೆ ಮಾತಿಲ್ಲ, ಮೇಲಾಗಿ ಅಪ್ಪನೂ 'ಅವರ' ಕಡೆಯವನೇ ಎಂಬ ಹೊಸ ಗುಮಾನಿ.

ಗುಂಪಿನಲ್ಲಿ ಆವತ್ತು ಒಬ್ಬ ಹೆಂಗಸು, ತಮ್ಮನನ್ನು ಬಹಳ ಕಾಲದಿಂದ ನೋಡಿಕೊಂಡವರು, ಕೇಳಿದರು: "ಸರ್, ಕ್ಯಾಮೆರಾ ವಿಷಯ ಬಿಡಿ. ಅವನಿಗೆ ಹೆದರಿಕೆ ಆಗುತ್ತಾ ಅಂತ ಕೇಳಿದ್ರಾ?" ಕೇಳಿರಲಿಲ್ಲ. ಮುಂದಿನ ವಾರ ಕೇಳಿದರು. ಮಗ ಹೇಳಿದ, ಬಟ್ಟೆ ಬದಲಾಯಿಸುವಾಗ ತುಂಬ ನಾಚಿಕೆಯಾಗುತ್ತದೆ, ಅದಕ್ಕೇ ಸ್ನಾನಕ್ಕೆ ಹೋಗುವುದಿಲ್ಲ ಅಂತ. ನೋಡಿ, ಸ್ನಾನದ ಜಗಳ ಬೇರೆ, ಕ್ಯಾಮೆರಾ ಜಗಳ ಬೇರೆ ಅಂತ ಆ ಮನೆಯಲ್ಲಿ ವರ್ಷಗಟ್ಟಲೆ ಅಂದುಕೊಂಡಿದ್ದರು. ಭ್ರಮೆಯನ್ನು ಒಪ್ಪಬೇಕಿಲ್ಲ, ವಾದಿಸಿ ಗೆಲ್ಲಲೂ ಬೇಕಿಲ್ಲ. "ನನಗೆ ಕಾಣಿಸುತ್ತಿಲ್ಲ, ಆದರೆ ನಿನಗೆ ಕಷ್ಟವಾಗುತ್ತಿರುವುದು ನಿಜ" ಅಂದರೆ ಸಾಕು. ಇದು ಒಂದು ಗಂಟೆಯಲ್ಲಿ ಕಲಿಸಬಹುದಾದ ವಿದ್ಯೆ. ಅವರಿಗೆ ಸಿಕ್ಕಿದ್ದು ತಾಳ್ಮೆಯ ಉಪದೇಶ.

ಈಗ ಸ್ವಲ್ಪ ಚರಿತ್ರೆ. ಮನೋವೈದ್ಯ ಕ್ಷೇತ್ರ ಕುಟುಂಬಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ದೊಡ್ಡ ಮನೋವೈದ್ಯೆ, ಕಾಯಿಲೆ ಹುಟ್ಟಿಸುವ ತಾಯಿ ಎಂಬ ಕಲ್ಪನೆಯನ್ನು ಮುಂದಿಟ್ಟರು. 1956ರಲ್ಲಿ ಗ್ರೆಗರಿ ಬೇಟ್‌ಸನ್ ಮತ್ತು ಸಂಗಡಿಗರು, ಮನೆಯೊಳಗಿನ ಇಬ್ಬಗೆಯ ಮಾತುಗಳಲ್ಲಿ ಕಾಯಿಲೆಯ ಮೂಲ ಹುಡುಕಿದರು. ಇವಕ್ಕೆ ಪುರಾವೆ ಸಿಗಲಿಲ್ಲ, ಪಠ್ಯಗಳಿಂದ ಅವು ಮರೆಯಾದವು. ನೆಂಟರ ಬಾಯಿಂದ ಮಾತ್ರ ಇನ್ನೂ ಮರೆಯಾಗಿಲ್ಲ! "ನೀನೇ ಮುದ್ದು ಮಾಡಿ ಕೆಡಿಸಿದೆ" ಅನ್ನುವುದು ಅದೇ ಸಿದ್ಧಾಂತ, ಪದವಿ ಇಲ್ಲದವರ ಬಾಯಲ್ಲಿ.

ಅದೇ ಐವತ್ತರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಬೇರೊಂದು ಸಂಗತಿ ಗಮನಿಸಿದರು. ಆಸ್ಪತ್ರೆಯಿಂದ ಹೊರಬಂದು ಅಪ್ಪ ಅಮ್ಮನ ಬಳಿಗೋ ಹೆಂಡತಿಯ ಬಳಿಗೋ ಹೋದವರಿಗಿಂತ, ಬಾಡಿಗೆ ಕೋಣೆಯಲ್ಲಿ ಇದ್ದವರಿಗೆ ಕಾಯಿಲೆ ಮರುಕಳಿಸುವುದು ಕಡಿಮೆ. ಮುಂದೆ 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್, ಎರಡು ಅಧ್ಯಯನಗಳ 128 ರೋಗಿಗಳ ಲೆಕ್ಕ ಒಟ್ಟುಗೂಡಿಸಿದರು. ಟೀಕೆ, ಸಿಡುಕು, ಅತಿಯಾದ ಕಾಳಜಿ ಹೆಚ್ಚಿದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ಶೇ 51ರಷ್ಟು ಮಂದಿಗೆ ಮರುಕಳಿಸಿತು, ಕಡಿಮೆ ಇದ್ದ ಮನೆಗಳಲ್ಲಿ ಶೇ 13. ಇದನ್ನು ಅರ್ಧ ಓದಿದವರು ಮತ್ತೆ ತಾಯಿಯ ಕಡೆಗೆ ಬೆರಳು ತೋರಿಸಿದರು. ಪೂರ್ತಿ ಓದಿದರೆ ಕಾಣುವುದು ಬೇರೆ. ಸಿಡುಕು ಕಾಯಿಲೆ ಹುಟ್ಟಿಸಿತು ಅಂತ ಯಾರೂ ಹೇಳಿಲ್ಲ. ದಿನವಿಡೀ ಮುಖಾಮುಖಿ ಕೂತರೆ ಇಬ್ಬರಿಗೂ ಕಷ್ಟ, ಆ ಹೊತ್ತು ಕಡಿಮೆಯಾದರೆ ಇಬ್ಬರಿಗೂ ಒಳ್ಳೆಯದು. ವಾನ್ ಮತ್ತು ಲೆಫ್ ಗೆರೆ ಎಳೆದದ್ದು ವಾರಕ್ಕೆ 35 ಗಂಟೆಯ ಮುಖಾಮುಖಿಗೆ. ಅಂದರೆ ತಾಯಿ ಕೆಲಸಕ್ಕೆ ಹೋಗುವುದು, ಸಂಗೀತ ಕ್ಲಾಸಿಗೆ ಹೋಗುವುದು ಸ್ವಾರ್ಥವಲ್ಲ, ಚಿಕಿತ್ಸೆಯ ಭಾಗ. ಇದನ್ನು ಬರೆದುಕೊಳ್ಳಿ, ಅತ್ತೆಗೆ ತೋರಿಸಲು ಬೇಕಾಗುತ್ತದೆ.

ಇನ್ನು ಟೀಕೆ ಯಾವುದರ ಮೇಲೆ? ಕಿವಿಯಲ್ಲಿ ದನಿ ಕೇಳಿಸುವುದನ್ನು ಮನೆಯವರು ಕಾಯಿಲೆ ಅಂತ ಬೇಗ ಒಪ್ಪುತ್ತಾರೆ. ಹನ್ನೊಂದು ಗಂಟೆಯವರೆಗೆ ಮಲಗುವುದು, ಕರೆದರೆ ಓಗೊಡದಿರುವುದು, ಗೆಳೆಯರನ್ನು ಬಿಡುವುದು — ಇವನ್ನು ಒಪ್ಪುವುದಿಲ್ಲ. ಸೋಮಾರಿ ಅನ್ನುತ್ತಾರೆ. ಉತ್ಸಾಹ ಬತ್ತುವುದು ಈ ಕಾಯಿಲೆಯ ಮುಖ್ಯ ಲಕ್ಷಣ, ಮಾತ್ರೆಗೆ ಅಷ್ಟು ಸುಲಭವಾಗಿ ಬಗ್ಗದ ಲಕ್ಷಣ. ಮಾತ್ರೆಯಿಂದ ಬರುವ ಮಂಪರೂ ಸೇರಿರಬಹುದು, ವೈದ್ಯರನ್ನು ಕೇಳಿ. ಗೊತ್ತಾದ ಮೇಲೂ ಸಿಟ್ಟು ಬರುತ್ತದೆ, ಬರಲಿ. ಎದ್ದು ಹಲ್ಲುಜ್ಜಿದ ದಿನ ಅದನ್ನೂ ಗಮನಿಸಿ ಹೇಳಿ.

ಏನು ಮಾಡಬಹುದು ಅನ್ನುವವರಿಗೆ: ಕುಟುಂಬಕ್ಕೆ ವ್ಯವಸ್ಥಿತವಾಗಿ ತರಬೇತಿ ಕೊಟ್ಟರೆ ಮರುಕಳಿಕೆ ಇಳಿಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ 'ನೈಸ್' ಸಂಸ್ಥೆಯ ಮಾರ್ಗಸೂಚಿ, ಮೂರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕನಿಷ್ಠ 10 ಭೇಟಿ ಅನ್ನುತ್ತದೆ. ಸಾಧ್ಯವಾದಲ್ಲಿ ಕಾಯಿಲೆ ಇರುವವರನ್ನೂ ಕೂಡಿಸಿಕೊಂಡು. ಹತ್ತು ಭೇಟಿ! ನಿಮ್ಮಲ್ಲಿ ಎಷ್ಟು ಜನಕ್ಕೆ ಎರಡಾದರೂ ಸಿಕ್ಕಿದೆ? ಕೈ ಎತ್ತಿ. ...ಸರಿ, ಇಳಿಸಿ.

ಯಾರೂ ಕೊಡದಿದ್ದಾಗ ಕುಟುಂಬಗಳೇ ಎದ್ದ ಉದಾಹರಣೆಗಳಿವೆ. 1970ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಒಬ್ಬ ತಂದೆ ತಮ್ಮ ಮಗನ ವಿಷಯ ಬರೆದರು. ಓದಿದ ಎಷ್ಟೋ ಮನೆಗಳವರು ಒಟ್ಟಾಗಿ, ನ್ಯಾಷನಲ್ ಸ್ಕಿಜೋಫ್ರೇನಿಯಾ ಫೆಲೋಶಿಪ್ ಎಂಬ ಸಂಘ ಹುಟ್ಟಿತು. ಅಮೆರಿಕದ ಮ್ಯಾಡಿಸನ್‌ನಲ್ಲಿ ಇಬ್ಬರು ತಾಯಂದಿರು ಊಟಕ್ಕೆ ಕೂತು ತಮ್ಮ ಮಕ್ಕಳ ಮಾತಾಡಿದ್ದು, 1979ರಲ್ಲಿ 'ನಾಮಿ' ಎಂಬ ರಾಷ್ಟ್ರಮಟ್ಟದ ಸಂಘಟನೆಯಾಯಿತು. ನಮ್ಮಲ್ಲೂ, ಅಮೃತಸರದಲ್ಲಿ ಮನೋವೈದ್ಯ ಡಾ. ವಿದ್ಯಾಸಾಗರ್ ಐವತ್ತರ ದಶಕದಲ್ಲೇ ಆಸ್ಪತ್ರೆಯ ಬಯಲಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡಿದ್ದರು. ಆ ಕತೆ ದೊಡ್ಡದು...

ಚೀಟಿ ಬಂತು. ಐದು ನಿಮಿಷ. ಕ್ಯಾಮೆರಾ ಕತೆಗೇ ಹತ್ತು ನಿಮಿಷ ಹೋಯಿತು ಅಂತ ಕಾಣುತ್ತದೆ. ಬೇಗ ಬೇಗ ಹೇಳಿಬಿಡುತ್ತೇನೆ.

ತಂಗಿಯ ಪ್ರಶ್ನೆ: "ನನಗೂ ಬರುತ್ತಾ?" ಗಟ್ಟಿಯಾಗಿ ಕೇಳುವುದಿಲ್ಲ, ಕೇಳದೆಯೂ ಹೇಳಿ. ಒಡಹುಟ್ಟಿದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು, ಹೌದು. ಆದರೂ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಬರುವುದಿಲ್ಲ.

ಮರುಕಳಿಸುವ ಮುನ್ಸೂಚನೆ ಒಬ್ಬೊಬ್ಬರದು ಒಂದೊಂದು ಥರ. ನಿದ್ದೆ ಕೆಡುವುದು ಸಾಮಾನ್ಯ. ಚೆನ್ನಾಗಿರುವಾಗಲೇ ಅವರ ಜೊತೆ ಕೂತು ಬರೆದಿಡಿ: ಏನು ಕಂಡರೆ ಯಾರಿಗೆ ಫೋನ್, ಯಾವ ಔಷಧ ಒಗ್ಗಲಿಲ್ಲ.

'ನಮ್ಮ ನಂತರ ಯಾರು' — ಇದಕ್ಕೆ ಒಂದು ಇಡೀ ದಿನ ಬೇಕು. ಇವತ್ತಿಗೆ ಇಷ್ಟು ಮಾಡಿ: ಮಾತ್ರೆಯ ಹೆಸರು, ಪ್ರಮಾಣ, ವೈದ್ಯರ ನಂಬರು ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿ. ಹಣದ ವ್ಯವಸ್ಥೆಗೆ ವಕೀಲರನ್ನು ಕೈಕಾಲು ಗಟ್ಟಿ ಇರುವಾಗಲೇ ಕಾಣಿ.

ಹಿಂಸೆ, ಮದುವೆ, ಉದ್ಯೋಗ, ಮೂರೂ ಉಳಿದವು. ಪ್ರಶ್ನೆಗಳಲ್ಲಿ ಬರುತ್ತವೆ, ಗೊತ್ತು. ಮೈಕನ್ನು ಮೊದಲು ಹಿಂದಿನ ಸಾಲಿಗೆ ಕೊಡಿ.